ಅಪ್ಪ ಚೆನ್ನಾಗಿದ್ದಾರೆ, ದೇವರ ದಯೆ

ನನ್ನ ಅಣ್ಣ ರಯಿಸ್ ಮಸೂದ್ ತೀರಿಕೊಂಡ ಹದಿನೈದನೆಯ ದಿನ ಬೆಳಿಗ್ಗೆ ಅವನ ಮಗ ಬೂಜಮಾ ತನ್ನ ಹಳೆಯ ಬಿಳಿ ವ್ಯಾನನ್ನು ತಂದು ಇನೆಜ್ಗಾನಿನ ನನ್ನ ಮನೆಯೆದುರು ನಿಲ್ಲಿಸಿದ. ಹಾರ್ನ್ ಹೊಡೆಯಲಿಲ್ಲ, ಇಳಿದು ಬಾಗಿಲನ್ನೂ ತಟ್ಟಲಿಲ್ಲ. ಸ್ಟೀರಿಂಗ್ ಹಿಡಿದುಕೊಂಡು ಸುಮ್ಮನೆ ಕೂತಿದ್ದ. ನಾನು ಕಿಟಕಿಯಿಂದ ನೋಡಿ, ಒಂದು ಲೋಟ ಟೀ ಹಿಡಿದು ಹೊರಗೆ ಹೋದೆ.

"ಅತ್ತೆ, ನೀವೂ ಬನ್ನಿ," ಎಂದ.

"ಎಲ್ಲಿಗೋ?"

"ಬೆಟ್ಟದ ಮೇಲಕ್ಕೆ. ಅವರಿಗೆಲ್ಲ ಹೇಳಿ ಬರಬೇಕಲ್ಲ."

ಏನು ಹೇಳಬೇಕು ಎನ್ನುವುದನ್ನು ಅವನು ಹೇಳಲಿಲ್ಲ. ನಲವತ್ಮೂರು ವರ್ಷದ ಗಂಡಸು. ತಂತಿವಾದ್ಯ ಲೂತಾರ್ ಕೈಗೆತ್ತಿಕೊಂಡರೆ ಮದುವೆ ಮನೆಯ ಇನ್ನೂರು ಜನರನ್ನು ಬೆಳಗಿನವರೆಗೂ ಕೂರಿಸಿಬಿಡುವವನು. ಆದರೆ ಈ ಹದಿನೈದು ದಿನದಲ್ಲಿ 'ಅಪ್ಪ ತೀರಿಕೊಂಡರು' ಎಂಬ ಎರಡು ಪದಗಳು ಅವನ ಬಾಯಿಂದ ಒಂದು ಸಲವೂ ಹೊರಬಿದ್ದಿರಲಿಲ್ಲ.

ಅದಕ್ಕೆ ಕಾರಣವಿತ್ತು. ಅಣ್ಣ ಹೋದದ್ದು ಇಲ್ಲಲ್ಲ, ದೂರದ ತಂಜ ಪಟ್ಟಣದಲ್ಲಿ, ಮಗಳ ಮನೆಯಲ್ಲಿ. ಬೆಳಿಗ್ಗೆ ಹೋದವನನ್ನು ಮಧ್ಯಾಹ್ನದ ನಮಾಜಿನ ನಂತರ ಮಣ್ಣು ಮಾಡಿದರು. ಹಾಗೆ ಬೇಗ ಮಾಡುವುದೇ ಸರಿ, ಯಾರನ್ನೂ ದೂರುವಂತಿಲ್ಲ. ಬೂಜಮಾ ಮತ್ತು ನಾನು ಹದಿನೈದು ಗಂಟೆ ಬಸ್ಸಿನಲ್ಲಿ ಕೂತು ತಲುಪುವ ಹೊತ್ತಿಗೆ ಗೋರಿಯ ಮೇಲೆ ಚಿಮುಕಿಸಿದ ನೀರು ಕೂಡ ಒಣಗಿತ್ತು. ಬೂಜಮಾ ಆ ಮಣ್ಣಿನ ದಿಬ್ಬವನ್ನು, ಯಾರೋ ತನ್ನನ್ನು ತಪ್ಪು ವಿಳಾಸಕ್ಕೆ ಕಳಿಸಿಬಿಟ್ಟಿದ್ದಾರೆ ಎನ್ನುವ ಹಾಗೆ ನೋಡುತ್ತ ನಿಂತಿದ್ದ.

ಅಣ್ಣ ರಿಬಾಬ್ ನುಡಿಸುತ್ತಿದ್ದ. ಒಂಟಿ ತಂತಿ, ಅದೂ ಕುದುರೆ ಬಾಲದ ಕೂದಲಿನದು. ಅದರಲ್ಲಿ ಅವನು ನಗಿಸುತ್ತಿದ್ದ, ಅಳಿಸುತ್ತಿದ್ದ, ಬೀಗರ ಜಗಳವನ್ನೂ ಬಿಡಿಸುತ್ತಿದ್ದ. ನಲವತ್ತೊಂದು ಬೇಸಿಗೆ, ಬಾದಾಮಿ ಬಡಿದು ಮುಗಿಯುತ್ತಿದ್ದಂತೆ ಮೇಳ ಕಟ್ಟಿಕೊಂಡು ಐತ್ ಬಾಹಾ ಊರು ದಾಟಿ ಬೆಟ್ಟ ಹತ್ತುತ್ತಿದ್ದ; ಮೇಳದ ಯಜಮಾನನೆಂದೇ ಎಲ್ಲರ ಬಾಯಲ್ಲಿ ಅವನು 'ರಯಿಸ್'. ಊರೂರಿನ ಮದುವೆಗಳಲ್ಲಿ ಹಾಡಿ, ಅಲ್ಲಿಯವರ ಅನ್ನ ತಿಂದು, ಅವರ ಚಾಪೆಯ ಮೇಲೆ ಮಲಗಿ ಬರುತ್ತಿದ್ದ. ಅಲ್ಲಿ ಈ ಸಲವೂ ಅವನನ್ನು ಕಾಯುತ್ತಿದ್ದರು. ತಂಜದ ಸುದ್ದಿ ಬೆಟ್ಟ ತಲುಪಿರಲಿಲ್ಲ. ಇಂಥ ಮಾತನ್ನು ನಮ್ಮಲ್ಲಿ ಫೋನಿನಲ್ಲಿ ಹೇಳುವುದಿಲ್ಲ. ಉಪ್ಪು ತಿಂದ ಮನೆಗೆ ಅವನ ರಕ್ತದವರೇ ಹೋಗಿ, ಚಾಪೆಯ ಮೇಲೆ ಕೂತು, ಬಾಯಿಬಿಟ್ಟು ಹೇಳಬೇಕು.

ಅಣ್ಣನ ಲೆಕ್ಕದಲ್ಲಿ ಮುಖ್ಯವಾದ ಮನೆಗಳು ಮೂರು. ತಿಜಿಗಿಯಲ್ಲಿ ಜೇನಿನ ಹಾಜಿ ಸಾಲೆಹ್. ಅಗೂನಿಯಲ್ಲಿ ವಿಧವೆ ಕಲ್ತೂಮಾ. ಎಲ್ಲಕ್ಕಿಂತ ಮೇಲಿನ ತಲಮ್ಸತ್‌ನಲ್ಲಿ ಅವನ ಹಳೆಯ ಜೊತೆಗಾರ ಬೀಹಿ. ಹೋಗಲು ಒಂದು ದಿನ, ಬರಲು ಒಂದು ದಿನ. ನಾನು ಚಪ್ಪಲಿ ಹಾಕಿಕೊಂಡು ವ್ಯಾನು ಹತ್ತಿದೆ. ಹಿಂದಿನ ಸೀಟಿನಲ್ಲಿ ಅಣ್ಣನ ರಿಬಾಬ್ ತನ್ನ ಚೀಲದೊಳಗೆ ಒರಗಿ ಕೂತಿತ್ತು. ನಲವತ್ತು ದಿನ ಕಳೆಯುವವರೆಗೆ ಅದನ್ನು ನುಡಿಸುವ ಹಾಗಿಲ್ಲ.

"ಇದನ್ನ ಯಾಕೆ ತಂದೆ?" ಎಂದೆ.

"ಮನೇಲಿ ಒಂದನ್ನೇ ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ."

ಅದಕ್ಕೆ ಸೀಟ್ ಬೆಲ್ಟನ್ನೂ ಹಾಕಿದ್ದ. ನನ್ನದು ಕೆಟ್ಟಿತ್ತು.

*

ತಿಜಿಗಿಯಲ್ಲಿ ಹಾಜಿ ಸಾಲೆಹ್ ತನ್ನ ಜೇನುಪೆಟ್ಟಿಗೆಗಳ ನಡುವಿನಿಂದಲೇ ಎರಡೂ ಕೈ ಎತ್ತಿಕೊಂಡು ಓಡಿ ಬಂದ.

ನಮ್ಮ ಬೆಟ್ಟದ ಕಡೆ ಕ್ಷೇಮ ಕೇಳುವುದು ಒಂದೇ ಉಸಿರಿನ ಕೆಲಸವಲ್ಲ. ಇಬ್ಬರೂ ಒಟ್ಟಿಗೇ ಕೇಳುತ್ತಾರೆ, ಒಟ್ಟಿಗೇ ಹೇಳುತ್ತಾರೆ, ಎರಡು ಡೋಲು ಒಂದೇ ತಾಳಕ್ಕೆ ಬಿದ್ದ ಹಾಗೆ. ಮತ್ತು ಎಲ್ಲದಕ್ಕೂ ಉತ್ತರ ಒಂದೇ. ಮನೆಯ ಸೂರು ಕುಸಿದಿದ್ದರೂ ಮೊದಲು 'ಚೆನ್ನಾಗಿದೆ, ದೇವರ ದಯೆ' ಎನ್ನಬೇಕು. ಸೂರಿನ ಮಾತು ಟೀ ಆದ ಮೇಲೆ.

"ಬಾರಪ್ಪಾ ಬೂಜಮಾ! ಹೇಗಿದ್ದೀಯಾ?"

"ಚೆನ್ನಾಗಿದ್ದೀನಿ, ದೇವರ ದಯೆ. ನೀವು ಹೇಗಿದ್ದೀರಾ ಹಾಜೀ?"

"ದೇವರ ದಯೆ. ಹೆಂಡ್ತಿ ಮಕ್ಕಳು?"

"ಚೆನ್ನಾಗಿದ್ದಾರೆ, ದೇವರ ದಯೆ. ಜೇನು?"

"ದೇವರ ದಯೆ. ದಾರಿ ಹೇಗಿತ್ತು? ಗಾಡಿ?"

"ದೇವರ ದಯೆ."

"ಅಪ್ಪ?"

"ಚೆನ್ನಾಗಿದ್ದಾರೆ, ದೇವರ ದಯೆ."

ಹೇಳಿಬಿಟ್ಟ. ಹೇಳಿದ ಮೇಲೆ ಅವನ ಕಿವಿ ಕೆಂಪಾದದ್ದು ನನಗೆ ಕಂಡಿತು. ಅಷ್ಟರಲ್ಲಿ ಹಾಜಿ ನನ್ನ ಕಡೆ ತಿರುಗಿ, "ಇಜ್ಜಾ ಅಕ್ಕಾ, ಅಣ್ಣ ಆರಾಮ ತಾನೆ?" ಎಂದ. ಮೂವತ್ತೆರಡು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ನಿಂತು, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ ಎಂದು ಪಾಠ ಹೇಳಿದವಳು ನಾನು.

"ಆರಾಮ, ದೇವರ ದಯೆ," ಎಂದೆ.

ಆದ್ದರಿಂದ ಹುಡುಗನೊಬ್ಬನದೇ ತಪ್ಪು ಎನ್ನಲಾರೆ.

ಪದ್ಧತಿಯ ಪ್ರಕಾರ ಟೀ ಆದ ಮೇಲೆ ತಿದ್ದಿಕೊಳ್ಳಬಹುದಿತ್ತು. ಆದರೆ ರಯಿಸನ ಮಗ ಬಂದಿದ್ದಾನೆಂದು ಟೀ ಕುದಿಯುವ ಮೊದಲೇ ಊರಿನ ಹನ್ನೊಂದು ಗಂಡಸರು ಬಂದು ಸಾಲಾಗಿ ಕೂತರು. ಹಾಜಿ ಎರಡೂ ಅಂಗೈ ಮೇಲಕ್ಕೆತ್ತಿದ. "ನಮ್ಮ ರಯಿಸ್ ಮಸೂದನಿಗೆ ನೂರು ವರ್ಷ ಆಯಸ್ಸು ಕೊಡಪ್ಪಾ ದೇವರೇ!"

"ಆಮೀನ್!" ಎಂದರು ಎಲ್ಲರೂ. ಎಲ್ಲರಿಗಿಂತ ಜೋರಾಗಿ ಬೂಜಮಾ. ನಾನು ಅವನ ಮುಖ ನೋಡಿದೆ; ಅವನು ನನ್ನ ಮುಖ ನೋಡಲಿಲ್ಲ.

ಊಟಕ್ಕೆ ಕೂತಾಗ ಅವನು ಇನ್ನೊಮ್ಮೆ ಪ್ರಯತ್ನಪಟ್ಟ. "ಹಾಜೀ, ಅಪ್ಪನ ವಿಷಯ ಒಂದು ಹೇಳೋದಿತ್ತು..."

"ಗೊತ್ತು ಕಣಪ್ಪ, ಗೊತ್ತು. ಮಂಡಿ ನೋವು ತಾನೆ? ಹೋದ ವರ್ಷಾನೇ ಕುಂಟ್ತಿದ್ದ. ತಾಳು." ಹಾಜಿ ಎದ್ದು ಹೋಗಿ ಎರಡು ಸೀಸೆ ಜೇನು ತಂದ. "ಬೆಳಿಗ್ಗೆ ಒಂದು ಚಮಚ ಬಾಯಿಗೆ, ರಾತ್ರಿ ಒಂದು ಚಮಚ ಮಂಡಿಗೆ. ಅದಲುಬದಲು ಮಾಡ್ಕೊಬೇಡ ಅಂತ ಹೇಳು."

"ಹೇಳ್ತೀನಿ," ಎಂದ ಬೂಜಮಾ.

ಎಲ್ಲರೂ ಒಂದೇ ತಟ್ಟೆಯ ಸುತ್ತ ಕೂತು ತಿನ್ನುವಾಗ ಯಾರು ಎಷ್ಟು ತಿಂದರೆಂದು ಗಂಡಸರಿಗೆ ತಿಳಿಯುವುದಿಲ್ಲ. ಹಾಜಿಯ ಹೆಂಡತಿಗೆ ತಿಳಿಯಿತು. ಬೂಜಮಾನ ಕಡೆಯ ರಾಶಿ ಕರಗುತ್ತಿಲ್ಲವೆಂದು ನೋಡಿ, ರೊಟ್ಟಿ ಇಡಲು ಬಂದವಳು ಮೂಳೆಯಿಂದ ಬಿಡಿಸಿದ ಮೆತ್ತನೆಯ ಮಾಂಸದ ಚೂರನ್ನು ಒಂದು ಬೆರಳಿನಿಂದ ಅವನ ಕಡೆ ಸರಿಸಿ ಹೋದಳು. ಏಕೆಂದು ಕೇಳಲಿಲ್ಲ. ಅವನು ಅದೊಂದನ್ನು ತಿಂದ.

*

ವ್ಯಾನು ತಿಜಿಗಿ ಬಿಟ್ಟು ಮತ್ತೆ ಬೆಟ್ಟ ಹತ್ತತೊಡಗಿತು. ಮೂರನೇ ತಿರುವಿನಲ್ಲಿ ಅವನೇ ಬಾಯಿಬಿಟ್ಟ.

"ನೀವಾದ್ರೂ ಹೇಳಬಾರದಿತ್ತಾ ಅತ್ತೆ?"

"ನೀನು ಆಮೀನ್ ಅನ್ನಬಾರದಿತ್ತು."

"ಎಲ್ಲರೂ ಅಂದ್ರು."

"ಅಷ್ಟು ಜೋರಾಗಿ ಯಾರೂ ಅನ್ನಲಿಲ್ಲ ಕಣೋ."

ಅಭ್ಯಾಸ ಮಾಡೋಣ ಎಂದು ನಾನೇ ಹೇಳಿದೆ. ಶಾಲೆಯಲ್ಲಿ ಪದ್ಯ ಬಾರದವರಿಗೆ ಮಾಡಿಸುತ್ತಿದ್ದ ಹಾಗೆ. ನಾನು ಕಲ್ತೂಮಾ, ಅವನು ಅವನೇ.

"ಬಾ ಮಗಾ, ಹೇಗಿದ್ದೀಯಾ?" ಎಂದೆ.

"ಚೆನ್ನಾಗಿದ್ದೀನಿ, ದೇವರ ದಯೆ."

"ಹೆಂಡ್ತಿ ಮಕ್ಕಳು?"

"ದೇವರ ದಯೆ."

"ಅಪ್ಪ?"

ಅವನು ವ್ಯಾನಿನ ವೇಗ ತಗ್ಗಿಸಿದ. ಗಂಟಲು ಸರಿಮಾಡಿಕೊಂಡ. ಎದುರಿನಿಂದ ಬಂದ ಲಾರಿಗೆ ದಾರಿ ಬಿಟ್ಟ. "ಚೆನ್ನಾಗಿದ್ದಾರೆ..." ಎಂದು ಸ್ಟೀರಿಂಗಿಗೆ ಹಣೆ ಚಚ್ಚಿಕೊಂಡ. ಹಾರ್ನ್ ಹೊಡೆಯಿತು. ರಸ್ತೆ ಬದಿಯ ಅರ್ಗಾನ್ ಮರದ ಮೇಲೆ ಹತ್ತಿ ಮೇಯುತ್ತಿದ್ದ ಆಡುಗಳೆಲ್ಲ ನಮ್ಮ ಕಡೆ ತಿರುಗಿ ನೋಡಿದವು.

ಮತ್ತೆ ಹೇಳಿಸಿದೆ. ಏಳು ಸಲ. ಏಳೂ ಸಲ ಅಣ್ಣ ಚೆನ್ನಾಗಿಯೇ ಇದ್ದ.

ಮುಂದೆ ಒಂದು ತಿರುವಿನಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದ. ಕಾಗದಪತ್ರ ಕೇಳುವನೆಂದುಕೊಂಡೆವು. ಅವನು ಕಿಟಕಿಯೊಳಗೆ ತಲೆ ಹಾಕಿ, ಹಿಂದಿನ ಸೀಟಿನ ರಿಬಾಬ್ ನೋಡಿ, "ಇದು ರಯಿಸ್ ಮಸೂದರದ್ದಲ್ವಾ? ನನ್ನ ಮದುವೆಗೆ ನುಡಿಸಿದ್ರು. ಅವರೆಲ್ಲಿ? ಹೇಗಿದ್ದಾರೆ?" ಎಂದ.

ಇಲ್ಲಿ ಟೀ ಇಲ್ಲ, ಚಾಪೆ ಇಲ್ಲ, ಹನ್ನೊಂದು ಜನರಿಲ್ಲ. ಹೇಳಲು ಇದಕ್ಕಿಂತ ಸುಲಭದ ಜಾಗ ಸಿಗುತ್ತಿರಲಿಲ್ಲ. ಬೂಜಮಾ ಉಸಿರೆಳೆದುಕೊಂಡ.

"ಚೆನ್ನಾಗಿದ್ದಾರೆ. ದೇವರ ದಯೆ."

"ಮತ್ತೆ ಯಾಕೆ ಬಂದಿಲ್ಲ?"

"ಈ ಸಲ... ಅವರಿಗೆ ಬರೋಕಾಗಲ್ಲ."

"ಆಗಸ್ಟಿನಲ್ಲಿ? ಮನೇಲಿ ಕೂತಿದ್ದಾರಾ? ಆರೋಗ್ಯ ನೆಟ್ಟಗಿದ್ದೂ?" ಪೊಲೀಸಿನವನ ಹುಬ್ಬು ಟೋಪಿಯೊಳಗೆ ಹೋಯಿತು. ಏನೋ ಅರ್ಥವಾದವನ ಹಾಗೆ ಮೆಲ್ಲಗೆ ನಕ್ಕ. ನಮಗೆ ಆ ನಗು ಅರ್ಥವಾಗಲಿಲ್ಲ. ಆಮೇಲೆ ನಮ್ಮ ಹಿಂದಿನ ಚಕ್ರದಲ್ಲಿ ಗಾಳಿ ಕಡಿಮೆ ಇರುವುದನ್ನು ನೋಡಿ, ತನ್ನ ಜೀಪಿನಿಂದ ಕಾಲಿನ ಪಂಪು ತಂದು, ಆ ಉರಿಬಿಸಿಲಿನಲ್ಲಿ ಸಮವಸ್ತ್ರ ಬೆವರಿನಲ್ಲಿ ತೊಯ್ಯುವವರೆಗೆ ತುಳಿದು ಗಾಳಿ ತುಂಬಿಕೊಟ್ಟ. ಬೂಜಮಾ ಇಳಿಯಹೋದರೆ ಬಿಡಲಿಲ್ಲ. "ನೀವು ಕೂತ್ಕೊಳ್ಳಿ. ರಯಿಸರ ಗಾಡಿ ಇದು."

ಹೊರಟ ಮೇಲೆ ಕನ್ನಡಿಯಲ್ಲಿ ನೋಡಿದೆ. ಅವನು ಫೋನ್ ಕಿವಿಗಿಟ್ಟುಕೊಂಡು ಖುಷಿಯಾಗಿ ಕೈ ಬೀಸುತ್ತ ಮಾತಾಡುತ್ತಿದ್ದ. ಅವನ ಅತ್ತೆಯ ಮನೆ ಅಗೂನಿಯಲ್ಲಿದೆಯೆಂಬುದು ನಮಗೆ ಆಗ ಗೊತ್ತಿರಲಿಲ್ಲ.

*

ಕಲ್ತೂಮಾಳ ವಿಷಯ ಸ್ವಲ್ಪ ಹೇಳಬೇಕು. ಅರವತ್ತೆಂಟು ವರ್ಷ, ನೆಟ್ಟಗಿನ ಬೆನ್ನು, ಊರಲ್ಲೇ ಹರಿತವಾದ ನಾಲಿಗೆ. ಅವಳ ಅಂಗಳದಲ್ಲಿ ಅಣ್ಣ ಹಾಡಲು ಕೂತರೆ, ಮನೆಯೊಡತಿಯನ್ನು ಹೊಗಳಿ ಎರಡು ಸಾಲು ಅಲ್ಲೇ ಕಟ್ಟಿ ಹಾಡುತ್ತಿದ್ದ. ಅವಳು ಹೆಂಗಸರ ಗುಂಪಿನೊಳಗಿಂದ, ಅವನ ಮೂಗು, ಅವನ ವಯಸ್ಸು, ಅವನ ಹೊಟ್ಟೆ, ಯಾವುದನ್ನೂ ಬಿಡದೆ ಎರಡು ಸಾಲು ತಿರುಗಿಸಿ ಹಾಡುತ್ತಿದ್ದಳು. ಊರು ಬಿದ್ದು ಬಿದ್ದು ನಗುತ್ತಿತ್ತು. ನನ್ನ ಅತ್ತಿಗೆ ತೀರಿಕೊಂಡು ಕೆಲವು ವರ್ಷವಾದ ಮೇಲೆ ಅಣ್ಣ ಅವಳನ್ನು ಮದುವೆಯಾಗೆಂದು ಕೇಳಿದ. ಅವಳು 'ಬರೋ ವರ್ಷ ನೋಡೋಣ' ಎಂದಳು. ಎಂಟು ವರ್ಷದಿಂದ ಪ್ರತಿ ಬೇಸಿಗೆಯೂ ಅವನು ಕೇಳುತ್ತಿದ್ದ, ಅವಳು ಅದನ್ನೇ ಹೇಳುತ್ತಿದ್ದಳು. ಇಬ್ಬರಿಗೂ ಅದರಲ್ಲಿ ಬೇಸರವಿದ್ದಂತೆ ಕಾಣುತ್ತಿರಲಿಲ್ಲ.

ನಾವು ಹೋದಾಗ ಅವಳು ಬಾಗಿಲಲ್ಲೇ ಪೊರಕೆ ಹಿಡಿದು ನಿಂತಿದ್ದಳು. ಪಕ್ಕದ ಗೋಡೆಯ ಮೇಲೆ ನೆರೆಮನೆಯ ಫಾದ್ಮಾಳ ತಲೆ.

ಕ್ಷೇಮ ಕೇಳುವ ಮಾತೇ ಇಲ್ಲ.

"ಬಂದ್ಯಾ? ಮದುವೆ ಊಟಕ್ಕೆ ಕರೆಯೋಕೆ ಬಂದ್ಯಾ?"

"ಯಾವ ಮದುವೆ ದೊಡ್ಡಮ್ಮಾ?" ಎಂದ ಬೂಜಮಾ.

"ಯಾವ ಮದುವೆಯಂತೆ! ಕೇಳಿದ್ಯೇನೇ ಫಾದ್ಮಾ? ಲೋ, ನಲವತ್ತೊಂದು ವರ್ಷ ಒಂದು ಬೇಸಿಗೆ ತಪ್ಪಿಸದ ಗಂಡಸು, ಮೈಯಲ್ಲಿ ಆರೋಗ್ಯ ಇಟ್ಕೊಂಡು, ಆಗಸ್ಟಿನಲ್ಲಿ ಮನೆ ಬಿಟ್ಟು ಹೊರಡ್ತಾ ಇಲ್ಲ ಅಂದ್ರೆ ಮನೇಲಿ ಏನಿರುತ್ತೆ? ಹೊಸ ಹೆಂಡ್ತಿ ಇರ್ತಾಳೆ!"

"ಮೂವತ್ತೈದು ವರ್ಷದವಳಂತೆ," ಎಂದಿತು ಗೋಡೆಯ ಮೇಲಿನ ತಲೆ. ಪೊಲೀಸಿನವನ ಅತ್ತೆ ಅವಳೇ ಎಂದು ಆಗ ತಿಳಿಯಿತು.

"ಅಯ್ಯೋ, ಹಾಗಲ್ಲ..." ಎಂದ ಬೂಜಮಾ.

"ಮೂವತ್ತಾ? ಇಪ್ಪತ್ತೈದಾ?"

"ದೊಡ್ಡಮ್ಮಾ, ಒಂದು ನಿಮಿಷ. ಅಪ್ಪ..."

"ಅಪ್ಪ ಹೇಗಿದ್ದಾನೆ ಹೇಳು! ಅದೊಂದು ಹೇಳು. ಚೆನ್ನಾಗಿದ್ದಾನಾ?"

ಪ್ರಶ್ನೆ ಬಂದದ್ದೇ ತಡ, ಅವನ ಬಾಯಿ ತಾನಾಗಿ ತೆರೆಯಿತು. ನಾನು ಅವನ ತೋಳು ಚಿವುಟಿದೆ. ತಡವಾಗಿತ್ತು.

"ಚೆನ್ನಾಗಿದ್ದಾರೆ, ದೇವರ ದಯೆ."

"ಚೆನ್ನಾಗಿರದೆ ಏನು!" ಪೊರಕೆ ಅಂಗಳಕ್ಕೆ ಬಿತ್ತು. "ಎಪ್ಪತ್ನಾಲ್ಕು ವರ್ಷಕ್ಕೆ ತಲೆಗೆ ಬಣ್ಣ ಹಚ್ಕೊಂಡು ಕೂತಿರ್ತಾನೆ! ಎಂಟು ವರ್ಷ ನನ್ನ ಬಾಗಿಲಲ್ಲಿ ಕೂತು ಹಾಡಿದ್ನಲ್ಲ ಆ ನರಿ, ಅವನಿಗೆ ಹೇಳು: ಅವನ ರಿಬಾಬಿನ ತಂತಿ ಕುದುರೆ ಬಾಲದ್ದಲ್ಲ, ಕತ್ತೆ ಬಾಲದ್ದು ಅಂತ ಊರಿಗೆಲ್ಲ ಗೊತ್ತು! ಇಜ್ಜಾ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ, ನೀನು ಓದಿದವಳು. ನೀನಾದ್ರೂ ಬುದ್ಧಿ ಹೇಳಬಾರದಿತ್ತಾ?"

ನಾನು ಏನೋ ಹೇಳಲು ಹೋದೆ. ಅವಳ ಕಣ್ಣಂಚು ಕೆಂಪಾಗಿತ್ತು. ಅಂಥ ಹೆಂಗಸಿಗೆ, ಗೋಡೆಯ ಮೇಲೆ ಫಾದ್ಮಾಳ ತಲೆ ಇರುವಾಗ, ಯಾವ ಬಾಯಿಂದ ಹೇಳಲಿ? ಒಂದು ಸುಳ್ಳಿನಿಂದ ಅವಳನ್ನು ಎತ್ತಿ ಅದಕ್ಕಿಂತ ಆಳವಾದ ಜಾಗಕ್ಕೆ ಹಾಕಬೇಕಿತ್ತು.

ನಾವು ತಲೆತಗ್ಗಿಸಿ ವ್ಯಾನು ಹತ್ತಿದೆವು. ಎಂಜಿನ್ ಹೊತ್ತಿಕೊಳ್ಳುವಷ್ಟರಲ್ಲಿ ಅವಳು ದಾಪುಗಾಲು ಹಾಕಿ ಬಂದು, ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿಯನ್ನೂ ಅದಕ್ಕೆ ಹಚ್ಚಿಕೊಳ್ಳುವ ಒಂದು ಡಬ್ಬಿ ಅಮ್ಲುವನ್ನೂ ಬೂಜಮಾನ ತೊಡೆಯ ಮೇಲೆ ಕುಕ್ಕಿದಳು. ಬಾದಾಮಿ ಅರೆದ ಪರಿಮಳ ವ್ಯಾನಿನ ತುಂಬ.

"ಅವನಿಗಲ್ಲ. ನಿನಗೆ. ಅಸ್ಥಿಪಂಜರ ಆಗಿದ್ದೀಯಾ. ಆ ಹೊಸಬಳು ಅಡುಗೆ ಮಾಡಿ ಹಾಕಲ್ವಾ?"

*

ತಲಮ್ಸತ್ ತಲುಪಿದಾಗ ಇನ್ನೂ ಬಿಸಿಲಿತ್ತು. ದಾರಿಯುದ್ದಕ್ಕೂ ಬೂಜಮಾ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ಬೀಹಿ ಕಾಕಾನಿಗೆ ಸುಳ್ಳು ಹೇಳುವ ಹಾಗಿಲ್ಲ. ಬೇರೆ ಯಾರಿಗಾದರೂ ಆದೀತು, ಅವನಿಗಲ್ಲ. ಮೂವತ್ತಾರು ವರ್ಷ ಅಣ್ಣನ ಪಕ್ಕದಲ್ಲಿ ಕೂತು ಕಬ್ಬಿಣದ ಬಳೆ ಬಡಿದು ತಾಳ ಹಾಕಿದವನು ಅವನು. ಐದು ವರ್ಷದ ಹಿಂದೆ ಕಾಲು ಸೋತು ಮನೆಯಲ್ಲಿ ಕೂತ. ಮೇಳಕ್ಕೆ ಬೇರೆ ತಾಳದವನು ಬಂದ. ಅಣ್ಣನಿಗೆ ಅವನ ತಾಳ ಯಾವತ್ತೂ ಹಿಡಿಸಲಿಲ್ಲ.

"ಕೇಳಿದ ತಕ್ಷಣ ಹೇಳ್ತೀನಿ ಅತ್ತೆ. 'ಅಪ್ಪ' ಅಂತ ಕಾಕಾ ಅಂದ್ರೆ ಸಾಕು, ತಕ್ಷಣ. ಹಲ್ಲು ಕಚ್ಚಿಕೊಂಡು ತಯಾರಾಗಿದ್ದೀನಿ."

"ಹಲ್ಲು ಕಚ್ಚಿಕೊಂಡ್ರೆ ಹೇಳೋದು ಹೇಗೆ?" ಎಂದೆ.

ಬೀಹಿ ಮನೆಯ ಕಟ್ಟೆಯ ಮೇಲೆ, ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದ. ಸಣ್ಣಗೆ ಗುಬ್ಬಚ್ಚಿಯ ಹಾಗೆ ಆಗಿದ್ದ. ಏಳಲು ಹೋದವನನ್ನು ಬೂಜಮಾ ತಡೆದು, ಬಗ್ಗಿ ತಲೆಗೆ ಮುತ್ತಿಟ್ಟ.

"ಬಂದ್ಯಾ ಮಗಾ? ಹೇಗಿದ್ದೀಯಾ?"

"ಚೆನ್ನಾಗಿದ್ದೀನಿ ಕಾಕಾ, ದೇವರ ದಯೆ. ನೀವು?"

"ದೇವರ ದಯೆ. ಹೆಂಡ್ತಿ?"

"ದೇವರ ದಯೆ."

"ಮಕ್ಕಳು? ದೊಡ್ಡವಳು ಶಾಲೆಗೆ ಹೋಗ್ತಾಳಾ?"

"ಹೋಗ್ತಾಳೆ, ದೇವರ ದಯೆ."

"ತಂಜದ ತಂಗಿ?"

"ದೇವರ ದಯೆ."

ಈಗ ಬರಬೇಕು. ಬೂಜಮಾ ಕಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿದ.

"ಗಾಡಿ ಹೇಗೆ ಓಡ್ತಿದೆ?" ಎಂದ ಬೀಹಿ.

"ದೇವರ... ಚೆನ್ನಾಗಿ ಓಡ್ತಿದೆ."

"ಇನೆಜ್ಗಾನಿನಲ್ಲಿ ಬಿಸಿಲು? ಟೊಮೇಟೊ ಬೆಲೆ? ನಿನ್ನ ಹಲ್ಲು ನೋವು ವಾಸಿಯಾಯ್ತಾ? ಇಜ್ಜಾ, ನಿನ್ನ ಕಣ್ಣಿನ ಆಪರೇಷನ್ ಆಯ್ತಾ? ಪಕ್ಕದ ಮನೆ ಬೆಕ್ಕು?"

ಬೆಕ್ಕು ಕೂಡ ಚೆನ್ನಾಗಿತ್ತು, ದೇವರ ದಯೆ. ಬೀಹಿ ಕೇಳದ್ದು ಲೋಕದಲ್ಲಿ ಒಂದೇ ಉಳಿಯಿತು. ಅದನ್ನು ಬಿಟ್ಟು ಅವನು ಸುತ್ತೂ ಸುತ್ತಿ ಬಂದ, ಅಂಗಳ ಗುಡಿಸುವಾಗ ನಡುವೆ ಮಲಗಿದ ಮಗುವನ್ನು ಎಬ್ಬಿಸದೆ ಸುತ್ತ ಗುಡಿಸುವವರ ಹಾಗೆ. ಆಮೇಲೆ ಟೀ ಬಗ್ಗಿಸಿ ಬೂಜಮಾನ ಮುಂದಿಟ್ಟ.

ಬೂಜಮಾ ಲೋಟವನ್ನು ನೋಡುತ್ತ ಕೂತ. ಕೇಳಿದ್ದರೆ ಬಾಯಿ ತನ್ನ ರೂಢಿಯದನ್ನು ಹೇಳಿಬಿಡುತ್ತಿತ್ತು. ಕೇಳದೆ ಹೋದದ್ದಕ್ಕೆ ರೂಢಿಯ ಉತ್ತರವಿಲ್ಲ.

"ಕಾಕಾ," ಎಂದ. "ಅಪ್ಪ ತೀರಿಕೊಂಡರು."

ಅಷ್ಟೇ. ಹೇಳಿ, ನಾನು ಈವರೆಗೆ ಕೇಳದ ಒಂದು ದನಿಯಲ್ಲಿ ಅತ್ತ.

ಬೀಹಿ ನಿಧಾನಕ್ಕೆ, "ನಾವೆಲ್ಲ ದೇವರವರು, ಅವನಲ್ಲಿಗೇ ಹೋಗೋರು," ಎಂದ. ಬೂಜಮಾನ ಬೆನ್ನ ಮೇಲೆ ಕೈಯಿಟ್ಟ. ತಾಳ ಹಾಕುವ ಕೈ. ಸುಮ್ಮನಿರಲು ಗೊತ್ತಿಲ್ಲ, ಮೆಲ್ಲಗೆ ತಟ್ಟುತ್ತಿತ್ತು.

"ಶುಕ್ರವಾರ ಫೋನ್ ಬರಲಿಲ್ಲ," ಎಂದ ನನಗೆ. "ಅದರ ಮುಂದಿನ ಶುಕ್ರವಾರಾನೂ ಬರಲಿಲ್ಲ. ನಮಾಜ್ ಮುಗಿಸಿ ಅರ್ಧ ಗಂಟೆ ನನ್ನ ಬೈಯದೆ ಮಸೂದ್ ಊಟ ಮಾಡೋನಲ್ಲ. ಆಗಲೇ ಗೊತ್ತಾಯ್ತು."

ಬೂಜಮಾ ತಲೆಯೆತ್ತಿದ. "ಗೊತ್ತಿದ್ದೂ ಯಾಕೆ ಕೇಳಲಿಲ್ಲ ಕಾಕಾ?"

"ಕೇಳಿದ್ರೆ ಚೆನ್ನಾಗಿದ್ದಾರೆ ಅಂತಿದ್ದೆ. ನಿನ್ನ ತಪ್ಪಲ್ಲ ಮಗಾ. ನನ್ನ ಹೆಂಡ್ತಿ ಸತ್ತ ದಿನ, ಹೆಣ ಒಳಗಿರುವಾಗಲೇ, ನಾಲ್ಕು ಜನರಿಗೆ ನಾನು ಹಾಗೇ ಹೇಳಿದ್ದೆ. ಒಬ್ಬ ಅವಳ ಕೈಯ ಟೀ ಬೇಕು ಅಂತ ಒಳಗೆ ಬಂದು ಕೂತ."

ಬೂಜಮಾ ಅಳುವಿನ ನಡುವೆ ನಕ್ಕುಬಿಟ್ಟ. ಮತ್ತೆ ಅತ್ತ. "ನಾನು ತಲುಪೋ ಹೊತ್ತಿಗೆ ಮಣ್ಣು ಹಾಕಿ ಆಗಿತ್ತು ಕಾಕಾ. ಮುಖ ನೋಡಲಿಲ್ಲ."

"ನಾನೂ ನೋಡಲಿಲ್ಲ," ಎಂದ ಬೀಹಿ. "ಇಬ್ಬರೂ ನೋಡದೋರು. ಟೀ ಕುಡಿ."

ಎರಡನೇ ಲೋಟ ಬಗ್ಗಿಸುತ್ತ ಅವನು ಕೇಳಿದ: "ಕೆಳಗಿನ ಊರಲ್ಲೆಲ್ಲ ಹೇಳಿ ಬಂದ್ರಾ?"

ನಾವಿಬ್ಬರೂ ಲೋಟದೊಳಗೆ ಇಣುಕಿದೆವು. ಕೊನೆಗೆ ನಾನೇ ಎಲ್ಲವನ್ನೂ ಒಪ್ಪಿಸಿದೆ: ಜೇನು, ನೂರು ವರ್ಷದ ಆಯಸ್ಸು, ಪೊಲೀಸಿನವನು, ಹೊಸ ಹೆಂಡತಿ. ಹೊಸ ಹೆಂಡತಿಯ ಮಾತಿಗೆ ಬಂದಾಗ ಬೀಹಿ ನಕ್ಕ ನಗುವಿಗೆ ಮೇಲಿನ ಹಲ್ಲುಸೆಟ್ಟು ಜಾರಿ ಅಂಗೈಗೆ ಬಿತ್ತು. "ಮೂವತ್ತೈದು ವರ್ಷದವಳಾ! ಅಯ್ಯೋ ಮಸೂದಾ, ಇದನ್ನ ಕೇಳದೆ ಹೋದ್ಯಲ್ಲೋ!" ಎಂದು ಹಲ್ಲಿಲ್ಲದ ಬಾಯಿಯಲ್ಲೇ ಹೇಳಿ, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

ಮರುದಿನ ಬೆಳಿಗ್ಗೆ ನಾವು ಹೊರಡುವಾಗ ಅವನು ಆಗಲೇ ಒಗೆದ ಜುಬ್ಬ ಹಾಕಿಕೊಂಡು ವ್ಯಾನಿನ ಮುಂದಿನ ಸೀಟಿನಲ್ಲಿ ಕೂತಿದ್ದ. ಐದು ವರ್ಷದಿಂದ ಊರು ಬಿಟ್ಟಿಳಿಯದ ಮುದುಕ.

"ನಾನೇ ಹೇಳ್ತೀನಿ ಅಂತ ಬರ್ತಿಲ್ಲ," ಎಂದ. "ಹೇಳೋನು ನೀನೇ. ನಾನು ಪಕ್ಕದಲ್ಲಿ ಇರ್ತೀನಿ ಅಷ್ಟೆ."

*

ಅಗೂನಿ ಹತ್ತಿರ ಬರುತ್ತಿದ್ದಂತೆ ಬೂಜಮಾ ಒಂದು ಉಪಾಯ ಮಾಡಿಕೊಂಡ. ಯಾರೂ ಕೇಳುವುದಕ್ಕೆ ಮೊದಲೇ ಹೇಳಿಬಿಡುವುದು. ಸಲಾಂ ಕೂಡ ಇಲ್ಲದೆ. ಅಂಥ ಒರಟುತನವನ್ನು ನಮ್ಮಲ್ಲಿ ತೆರಿಗೆಯವರು ಕೂಡ ಮಾಡುವುದಿಲ್ಲ.

ವ್ಯಾನು ಪೂರ್ತಿ ನಿಲ್ಲುವ ಮೊದಲೇ ಹಾರಿ ಇಳಿದ. ಕಲ್ತೂಮಾ ಬಾಗಿಲಿಗೆ ಬಂದಳು, ಗೋಡೆಯ ಮೇಲೆ ತಲೆ ಬಂತು.

"ಮತ್ತೆ ಬಂದ್ಯಾ? ಏನು, ನಿನ್ನ ಅಪ್ಪ..."

"ದೊಡ್ಡಮ್ಮಾ, ಅಪ್ಪ ತೀರಿಕೊಂಡರು."

ಅವಳು ಅವನನ್ನು ನೋಡಿದಳು. ನಂತರ ವ್ಯಾನಿನಲ್ಲಿದ್ದ ಬೀಹಿಯನ್ನು. ಬೀಹಿ ತಲೆಯಾಡಿಸಿದ.

"ಯಾವಾಗ?"

"ಇವತ್ತಿಗೆ ಹದಿನಾರು ದಿನ. ತಂಜದಲ್ಲಿ."

"ಅಂದ್ರೆ ನಿನ್ನೆ ನಾನು ಬೈದಾಗ..."

"ಹೌದು."

"ನಿಂತ್ಕೊಂಡು ಎಲ್ಲಾ ಬೈಸಿಕೊಂಡ್ಯಾ? ಹೇಳೋಕೆ ಬಾಯಿರಲಿಲ್ವಾ ಪಾಪಿ?"

"ಇತ್ತು ದೊಡ್ಡಮ್ಮಾ. ಅದೇ ತಪ್ಪು ಹೇಳಿಬಿಡ್ತು."

ಅವಳು ಹೊಸಿಲ ಮೇಲೆ ಕೂತಳು. ತಲೆಯ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. ಯಾರ ಮುಖವನ್ನೂ ನೋಡದೆ ಕೇಳಿದಳು: "ಹಾಗಾದ್ರೆ ಆ ಹುಡುಗಿ?"

"ಯಾವ ಹುಡುಗಿಯೂ ಇರಲಿಲ್ಲ."

"ಇರಲೇ ಇಲ್ವಾ?"

"ಇಲ್ಲ."

"ಹೂಂ," ಎಂದಳು. ಬಟ್ಟೆಯನ್ನು ಮುಖದ ಮೇಲೆಳೆದುಕೊಂಡಳು. ಅದರೊಳಗೆ ಅತ್ತಳೋ, ಇನ್ನೇನಾಯಿತೋ ಹೇಳಲಾರೆ. ನಾನು ಹೋಗಿ ಅವಳ ಪಕ್ಕ ಕೂತೆ. ಬಟ್ಟೆ ಸರಿಸಿದಾಗ ಅವಳ ದನಿ ಎಂದಿನಂತೆ ಗಟ್ಟಿಯಾಗಿತ್ತು.

"ಫಾದ್ಮಾ! ಕೇಳಿಸ್ತೇನೇ? ಮೂರು ದಿನ ನಮ್ಮನೇಲಿ ಒಲೆ ಹಚ್ಚಲ್ಲ."

ಸಾವಿನ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ. ನೆರೆಯವರು ಬೇಯಿಸಿ ತರುತ್ತಾರೆ. ಆದರೆ ಅದು ಸತ್ತವನ ಸ್ವಂತ ಮನೆಯವರಿಗೆ. ಗೋಡೆಯ ಮೇಲಿನ ತಲೆ ಬಾಯಿ ತೆರೆಯಿತು. ಅವನು ನಿನಗೇನಾಗಬೇಕು ಎಂದು ಕೇಳಲಿದ್ದಾಳೆಂದು ನಾನು ಕೈ ಬಿಗಿಹಿಡಿದೆ. ಕೇಳಲಿಲ್ಲ. ಕಲ್ತೂಮಾಳನ್ನು ಒಂದು ಕ್ಷಣ ನೋಡಿ, "ಕುಸ್ಕುಸ್ ಇಡ್ತೀನಿ. ಎಷ್ಟು ಜನ ಆಗ್ತಾರೆ?" ಎಂದಳಷ್ಟೆ. ನಿನ್ನೆಯಿಂದ ಅವಳ ಮೇಲೆ ನನಗಿದ್ದ ಸಿಟ್ಟೆಲ್ಲ ಅಲ್ಲಿಗೆ ಇಳಿಯಿತು.

ತಿಜಿಗಿಯ ಹಾಜಿಗೆ ಕೆಳಗೆ ಇಳಿಯುವಾಗ ಹೇಳುವುದೆಂದಾಯಿತು. ಊರಿನ ಗಂಡಸರು ಒಬ್ಬೊಬ್ಬರಾಗಿ ಬಂದರು. ಬೂಜಮಾನನ್ನು ಅಂಗಳದ ಬಾಗಿಲಲ್ಲಿ ಕೂರಿಸಿದರು, ಮಗ ಕೂರಬೇಕಾದ ಜಾಗದಲ್ಲಿ. ಬೀಹಿ ಅವನ ಬಲಗಡೆ. ಕಲ್ತೂಮಾ ಬಾಗಿಲ ಒಳಗೆ, ಕಾಣದ ಹಾಗೆ, ಆದರೆ ಎಲ್ಲ ಕೇಳುವ ಹಾಗೆ. ಬಂದವರೆಲ್ಲ ಕೇಳ ಬಂದದ್ದು ಹೊಸ ಹೆಂಡತಿಯ ಸಮಾಚಾರ. ಪ್ರತಿಯೊಬ್ಬನಿಗೂ ಅವನೇ ಹೇಳಬೇಕಾಯಿತು. ಮೊದಲ ನಾಲ್ಕು ಸಲ ದನಿ ಒಡೆಯಿತು. ಹತ್ತನೆಯವನಿಗೆ ಹೇಳುವಾಗ ಅವನ ಕೈಯನ್ನು ತಾನೇ ಹಿಡಿದುಕೊಂಡ. ಇಪ್ಪತ್ತರ ಮೇಲೆ ನಾನು ಎಣಿಸಲಿಲ್ಲ. ಫಾದ್ಮಾ ಇಟ್ಟ ತಟ್ಟೆಯ ತನ್ನ ಪಾಲನ್ನು ಅವನು ಅದರ ನಡುವೆಯೇ ತಿಂದು ಮುಗಿಸಿದ.

ಕೊನೆಗೆ ಕೋಲೂರಿಕೊಂಡು ಊರಿನ ಅತಿ ಹಿರಿಯ ಮುದುಕ ಬಂದ. ಬೂಜಮಾ ಎದ್ದು ಹೇಳಿದ. ಮುದುಕ ಸುಮ್ಮನೆ ನಿಂತೇ ಇದ್ದ.

"ಗಟ್ಟಿಯಾಗಿ ಹೇಳೋ," ಎಂದಳು ಕಲ್ತೂಮಾ ಬಾಗಿಲೊಳಗಿಂದ. "ಅವನಿಗೆ ಕಿವಿ ಕೇಳಲ್ಲ."

"ಅಪ್ಪ ತೀರಿಕೊಂಡರು!"

"ಯಾರು?" ಎಂದ ಮುದುಕ.

"ರಯಿಸ್ ಮಸೂದ್!" ಬೂಜಮಾ ಹಾಡುವಾಗ ಬಿಡುವ ದನಿಯನ್ನೇ ಬಿಟ್ಟ. ಎದುರಿನ ಬೆಟ್ಟದ ಮನೆಗಳಲ್ಲೂ ಜನ ಹೊರಗೆ ಬಂದು ನಿಂತರು. "ನನ್ನ ಅಪ್ಪ!"

ಮುದುಕ ತಲೆದೂಗಿದ. ಕೋಲನ್ನು ಗೋಡೆಗೆ ಒರಗಿಸಿ, ಬೂಜಮಾನ ತೋಳು ಹಿಡಿದುಕೊಂಡು ನಿಧಾನಕ್ಕೆ ಅವನ ಪಕ್ಕದಲ್ಲಿ ಕೂತ. ಫಾದ್ಮಾ ಇನ್ನೊಂದು ಚಮಚ ತಂದಿಟ್ಟಳು.